ಟರ್ಕಿಯಲ್ಲೇ ಏಕೆ ನಿಲ್ಲಲಿಲ್ಲ?

ಪ್ರಶ್ನೆ: ಸಿರಿಯಾದಿಂದ ಟರ್ಕಿ ಸೇರಿದವರಿಗೆ ಅಲ್ಲಿ ಬಾಂಬಿನ ಭಯವಿರಲಿಲ್ಲ. ಹಾಗಿದ್ದೂ 2015ರಲ್ಲಿ ಅವರು ಮಕ್ಕಳುಮರಿ ಕಟ್ಟಿಕೊಂಡು, ವಿಮಾನದ ಟಿಕೆಟ್‌ಗಿಂತ ಹೆಚ್ಚು ಹಣ ತೆತ್ತು, ರಬ್ಬರ್ ದೋಣಿ ಹತ್ತಿದ್ದೇಕೆ? ಎಲ್ಲರಿಗೂ ಜರ್ಮನಿಯೇ ಏಕೆ ಬೇಕಾಯಿತು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ‘ಎಲ್ಲರೂ’ ಎಂಬುದನ್ನು ಮೊದಲು ತಿದ್ದಿಕೊಳ್ಳೋಣ. 2011ರಲ್ಲಿ ಆರಂಭವಾದ ಸಂಘರ್ಷದಿಂದ ಮನೆ ತೊರೆದವರಲ್ಲಿ ಲಕ್ಷಾಂತರ ಮಂದಿ ಸಿರಿಯಾದೊಳಗೇ ಬೇರೆ ಊರು ಸೇರಿದರು. ಗಡಿ ದಾಟಿದವರಲ್ಲಿಯೂ ಹೆಚ್ಚಿನವರು ಟರ್ಕಿ, ಲೆಬನಾನ್, ಜೋರ್ಡಾನ್‌ಗಳಲ್ಲೇ ಉಳಿದರು. ಜೀವ ಉಳಿಸಿಕೊಳ್ಳಲು ಓಡುವವರು ಭೂಪಟ ಹರಡಿಕೊಂಡು ದೇಶ ಆರಿಸುವುದಿಲ್ಲ.

ನೀವು ಕೇಳಿರುವುದು ಅನಂತರದ ಪಯಣವನ್ನು. 1951ರ ನಿರಾಶ್ರಿತರ ಒಪ್ಪಂದಕ್ಕೆ ಟರ್ಕಿ ಸಹಿ ಹಾಕಿದ್ದರೂ ಯೂರೋಪಿನಿಂದ ಬಂದವರನ್ನು ಮಾತ್ರ ನಿರಾಶ್ರಿತರೆಂದು ಒಪ್ಪುತ್ತದೆಯಾದ್ದರಿಂದ, ಸಿರಿಯನ್ನರಿಗೆ ದೊರೆತದ್ದು ತಾತ್ಕಾಲಿಕ ರಕ್ಷಣೆಯಷ್ಟೇ. ಕಾನೂನುಬದ್ಧವಾಗಿ ದುಡಿಯುವ ಪರವಾನಗಿಯ ದಾರಿ ತೆರೆದದ್ದು 2016ರ ಜನವರಿಯಲ್ಲಿ. ಅಲ್ಲಿಯವರೆಗೆ ಅನೇಕರು ಕಡಿಮೆ ಕೂಲಿಗೆ ಕದ್ದು ದುಡಿದರು, ಮಕ್ಕಳು ಶಾಲೆ ಬಿಟ್ಟು ಕೆಲಸಕ್ಕೆ ಹೋದರು. ಲೆಬನಾನ್, ಜೋರ್ಡಾನ್‌ಗಳು ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ (ನಮ್ಮ ಭಾರತವೂ ಹಾಕಿಲ್ಲ). 2015ರಲ್ಲಿ ಹಣ ಸಾಲದೆ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮವು ಈ ಎರಡೂ ದೇಶಗಳಲ್ಲಿ ಆಹಾರದ ನೆರವನ್ನು ಕಡಿತಗೊಳಿಸಿತು. ಊರಿಗೆ ಮರಳೋಣವೆಂದರೆ ಯುವಕರಿಗೆ ಕಡ್ಡಾಯ ಸೇನಾ ಭರ್ತಿಯ ಭಯ. ಕೂಡಿಟ್ಟ ಹಣ ಕರಗುತ್ತಿದ್ದಾಗ, ಉಳಿದದ್ದನ್ನು ಪಯಣಕ್ಕೆ ಸುರಿದವರನ್ನು ಸುಖ ಅರಸಿ ಹೋದವರೆನ್ನಲು ನನಗೆ ಮನಸ್ಸು ಬಾರದು.

ಇನ್ನು ವಿಮಾನದ ವಿಷಯ. ಯೂರೋಪಿನ ನಿಯಮದಂತೆ ಸರಿಯಾದ ಕಾಗದಪತ್ರಗಳಿಲ್ಲದವರನ್ನು ಕರೆತಂದ ವಿಮಾನ ಸಂಸ್ಥೆ ದಂಡ ತೆರಬೇಕು. ಆದ್ದರಿಂದ ವೀಸಾ ಇಲ್ಲದವರನ್ನು ಕೌಂಟರಿನಲ್ಲೇ ತಡೆಯುತ್ತಾರೆ. ಆಶ್ರಯ ಬೇಡಲೆಂದು ವೀಸಾ ಸಿಗುವುದು ತೀರ ಅಪರೂಪ, ಆದರೆ ಆಶ್ರಯದ ಅರ್ಜಿ ಕೊಡಲು ಆ ನೆಲದ ಮೇಲೆ ನಿಂತಿರಬೇಕು. ಕದ್ದು ಗಡಿ ದಾಟಿಸುವ ದಲ್ಲಾಳಿಗಳ ಕಸುಬು ಕುದುರಿದ್ದು ಈ ಕಗ್ಗಂಟಿನಿಂದಲೇ. 2015ರ ಒಂದೇ ವರ್ಷದಲ್ಲಿ ಸಮುದ್ರ ದಾಟಿ ಗ್ರೀಸ್ ತಲುಪಿದವರು 8.5 ಲಕ್ಷಕ್ಕೂ ಹೆಚ್ಚು.

ಗ್ರೀಸ್ ಆಗ ಆರ್ಥಿಕ ಬಿಕ್ಕಟ್ಟಿನಲ್ಲಿ ನರಳುತ್ತಿತ್ತು. ಮೊದಲು ಕಾಲಿಟ್ಟ ದೇಶವೇ ಅರ್ಜಿ ವಿಚಾರಿಸಬೇಕೆಂಬ ಡಬ್ಲಿನ್ ನಿಯಮವನ್ನು ಸಿರಿಯನ್ನರ ಮಟ್ಟಿಗೆ ಅನ್ವಯಿಸುವುದಿಲ್ಲವೆಂದು ಜರ್ಮನಿ ಆಗಸ್ಟ್‌ನಲ್ಲಿ ಪ್ರಕಟಿಸಿದಾಗ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಡಿತು. 2013ರಲ್ಲೇ ಸಿರಿಯನ್ನರಿಗೆ ಶಾಶ್ವತ ವಾಸದ ಹಕ್ಕು ಕೊಡತೊಡಗಿದ್ದ ಸ್ವೀಡನ್‌ಗೂ ಅನೇಕರು ಹೋದರು. ಆದರೆ ಸರ್ಕಾರದ ಪ್ರಕಟಣೆಗಿಂತ, ಮೊದಲೇ ಹೋಗಿ ನೆಲೆಸಿದ ಅಣ್ಣನೋ ಚಿಕ್ಕಪ್ಪನೋ ಫೋನಿನಲ್ಲಿ ಹೇಳಿದ ಮಾತನ್ನೇ ಜನ ಹೆಚ್ಚು ನಂಬುತ್ತಾರೆ. ಊರು ಬಿಟ್ಟು ಬೆಂಗಳೂರಿಗೆ ಹೊರಟವರು ಮೊದಲು ಯಾರ ಮನೆ ಬಾಗಿಲು ತಟ್ಟುತ್ತಾರೆಂದು ನಿಮಗೂ ಗೊತ್ತಲ್ಲವೇ?