ನಿಮ್ಮ ಚಿಟ್ಟೆಗೆ ಗೂಡೇ ಇಲ್ಲ

ನಮಸ್ಕಾರ. ಮಕ್ಕಳ ಪುಟಕ್ಕೆ ನೀವು ಕಳಿಸಿದ ಚಿಟ್ಟೆ ಕಥೆ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ತಾತ-ಮೊಮ್ಮಗನ ಮಾತುಕತೆ ಸೊಗಸಾಗಿದೆ. ತೊಂದರೆ ಇರುವುದು ಚಿಟ್ಟೆಯಲ್ಲಿ.

ನಿಂಬೆಗಿಡದಲ್ಲಿ ಚಿಟ್ಟೆಯೊಂದು ಗೂಡಿನ ಸಣ್ಣ ತೂತಿನಿಂದ ಹೊರಬರಲು ಗಂಟೆಗಟ್ಟಲೆ ಒದ್ದಾಡುತ್ತದೆ. ಹುಡುಗ ಕನಿಕರಪಟ್ಟು ಕತ್ತರಿಯಿಂದ ಗೂಡು ಬಿಡಿಸುತ್ತಾನೆ. ಚಿಟ್ಟೆಯ ರೆಕ್ಕೆ ಬಿಚ್ಚುವುದೇ ಇಲ್ಲ. ಒದ್ದಾಡಿದರೇನೇ ರೆಕ್ಕೆಗೆ ಬಲ ಅಂತಾರೆ ತಾತ. ವಾಟ್ಸಾಪಿನಲ್ಲಿ ಇದು ಸುತ್ತುತ್ತಲೇ ಇರುತ್ತೆ, ಅಲ್ವಾ?

ನಿಂಬೆಗಿಡದ ಚಿಟ್ಟೆ ಗೂಡು ನೇಯುವುದಿಲ್ಲ. ಹುಳು ಕೊನೆಯ ಸಲ ಪೊರೆ ಕಳಚಿದಾಗ ಕಾಣುವ ಗಟ್ಟಿ ಚರ್ಮವೇ ಅದರ ಕೋಶ. ಬಾಲ ಕಡ್ಡಿಗೆ ಅಂಟಿರುತ್ತದೆ, ನಡುವಿಗೆ ಒಂದು ರೇಷ್ಮೆ ಎಳೆಯ ಆಸರೆ. ಅದಕ್ಕೆ ಕತ್ತರಿ ಹಾಕಿದರೆ ಹುಳುವಿನ ಮೈಯನ್ನೇ ಕೊಯ್ದ ಹಾಗೆ. ಹೊರಬರಲು ಚಿಟ್ಟೆಗೆ ಕೆಲವೇ ನಿಮಿಷ ಸಾಕು. ಆಗ ರೆಕ್ಕೆ ಮುದ್ದೆಯಾಗಿರುತ್ತದೆ. ಎಲ್ಲಾದರೂ ಜೋತುಬಿದ್ದು, ಮೈಯ ದ್ರವವನ್ನು ರೆಕ್ಕೆಯ ನರಗಳಿಗೆ ತಳ್ಳಿ ಬಿಚ್ಚಿಕೊಳ್ಳುತ್ತದೆ. ತೂತಿನಲ್ಲಿ ತೂರಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಗೂಡು ಬೇಕೇ ಬೇಕು ಅಂದರೆ ರೇಷ್ಮೆಹುಳು ಇದೆ. ಆದರೆ ಅಲ್ಲಿ ನಿಮ್ಮ ನೀತಿಗೆ ಇನ್ನೂ ಜಾಸ್ತಿ ಪೆಟ್ಟು. ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಗಂಡು-ಹೆಣ್ಣು ಬೇರೆ ಮಾಡಲು ಗೂಡಿನ ತುದಿಯನ್ನು ಬ್ಲೇಡಿನಿಂದ ಕೊಯ್ದು ಕೋಶ ಹೊರತೆಗೆಯುತ್ತಾರೆ. ಗೂಡಿಲ್ಲದ ಆ ಕೋಶಗಳಿಂದಲೂ ಪತಂಗಗಳು ಸರಿಯಾಗೇ ಬರುತ್ತವೆ, ಜೋಡಿಯಾಗುತ್ತವೆ, ಮೊಟ್ಟೆ ಇಡುತ್ತವೆ. ಗೂಡಿನಿಂದಲೇ ಬರುವ ಪತಂಗ ಕೂಡ ಬಾಯಿಯಿಂದ ದ್ರವ ಬಿಟ್ಟು ಎಳೆಗಳನ್ನು ಸಡಿಲ ಮಾಡಿಕೊಂಡೇ ಬರೋದು.

ನೀತಿಕಥೆಯಲ್ಲಿ ನರಿ ಮಾತಾಡಲ್ವಾ ಅಂತ ನೀವು ಕೇಳಬಹುದು. ನರಿ ಮಾತಾಡುತ್ತೆ ಅಂತ ಯಾವ ಮಗುವೂ ನಂಬಲ್ಲ. ನಿಮ್ಮ ತಾತ ಹೇಳುವುದನ್ನು ನಂಬುತ್ತೆ, ಯಾಕೆಂದರೆ ನೀವು ಅದನ್ನು ವಿಜ್ಞಾನ ಅಂತಲೇ ಹೇಳಿಸಿದ್ದೀರಿ.

ರೆಕ್ಕೆ ಮುದುರುವುದು ನಿಜವಾಗಿಯೂ ಆಗುತ್ತೆ, ಬೇರೆ ಕಾರಣಕ್ಕೆ. ಹುಡುಗ ಕೋಶವನ್ನು ಇಕ್ಕಟ್ಟಿನ ಗಾಜಿನ ಬಾಟಲಿಯಲ್ಲಿ ಇಟ್ಟ ಅನ್ನಿ. ಹೊರಬಂದ ಚಿಟ್ಟೆಗೆ ಕಾಲೂರಿ ನೇತಾಡಲು ಜಾಗ ಸಿಗಲ್ಲ. ರೆಕ್ಕೆ ಮುದುರಿದಂತೆಯೇ ಒಣಗುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಯಾರೂ ಸರಿಮಾಡಲಾರರು. ನಿಮ್ಮ ಹುಡುಗನ ಅಳು, ತಾತನ ಮೌನ ಎರಡೂ ಇಲ್ಲಿಗೇ ಸರಿಹೊಂದುತ್ತವೆ.

ಬರೆಯುವ ಮೊದಲು ಒಂದು ಕರಿಬೇವಿನ ಗಿಡ ಹುಡುಕಿ. ಹಕ್ಕಿ ಹಿಕ್ಕೆಯಂಥ ಮರಿಹುಳು ಕಂಡರೆ ಕೀಳಬೇಡಿ, ಕೋಶ ಆಗುವವರೆಗೂ ನೋಡಿ. ಆಮೇಲೆ ತಿದ್ದಿ ಕಳಿಸಿ. ತಾತನ ಕೊನೆಯ ಭಾಷಣ ಮಾತ್ರ ಬೇಡ.