ಮೆಟ್ರೋ ಹಳಿಯಲ್ಲಿ ಶಾರ್ಟ್ ಆದರೆ ದೂರದ ಸಬ್‌ಸ್ಟೇಷನ್‌ನ ಬ್ರೇಕರ್ ಕೂಡ ಯಾಕೆ ಟ್ರಿಪ್ ಆಗಬೇಕು?

ಹತ್ತಿರದ ಬ್ರೇಕರ್ ಒಂದೇ ಬಿದ್ದರೆ ಕರೆಂಟ್ ಪೂರ್ತಿ ಹೋಗುವುದಿಲ್ಲ, ಅದಕ್ಕೆ. (ಬ್ರೇಕರ್ ಅಂದರೆ ದೋಷ ಬಂದಾಗ ತೆರೆದುಕೊಂಡು, ಅಂದರೆ ಟ್ರಿಪ್ ಆಗಿ, ಕರೆಂಟ್ ಕಡಿಯುವ ಸ್ವಿಚ್.)

ನಮ್ಮ ಮೆಟ್ರೋ ಓಡುವುದು 750 ವೋಲ್ಟ್ ಡಿಸಿಯಲ್ಲಿ. ಹಳಿಯ ಪಕ್ಕದ ಮೂರನೇ ಹಳಿಯಿಂದ ರೈಲಿಗೆ ವಿದ್ಯುತ್ ಸಿಗುತ್ತದೆ. ಇಂಥ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಒಂದೊಂದು ಭಾಗಕ್ಕೂ ಎರಡು ತುದಿಯ ಸಬ್‌ಸ್ಟೇಷನ್‌ಗಳಿಂದ ಸಪ್ಲೈ ಇರುತ್ತದೆ.

ಈಗ ಒಂದು ತುದಿಯ ಹತ್ತಿರ ಶಾರ್ಟ್ ಆಯಿತು ಅಂದುಕೊಳ್ಳಿ. ಅಲ್ಲಿನ ಬ್ರೇಕರ್‌ಗೆ ಭಾರಿ ಕರೆಂಟ್ ಕಾಣುತ್ತದೆ, ತಕ್ಷಣ ತೆರೆದುಕೊಳ್ಳುತ್ತದೆ. ಆದರೆ ದೂರದ ತುದಿಗೆ ನಡುವಿನ ಹಳಿಯ ರೆಸಿಸ್ಟೆನ್ಸ್ ಅಡ್ಡ ಬರುತ್ತದೆ. ಅಲ್ಲಿ ಕಾಣುವ ಕರೆಂಟ್, ರೈಲು ಸ್ಟಾರ್ಟ್ ಆಗುವಾಗ ಎಳೆಯುವಷ್ಟೇ ಇರಬಹುದು. ದೋಷವೋ ರೈಲೋ ಅಂತ ಗುರುತಿಸುವುದೇ ಕಷ್ಟ. ಕರೆಂಟ್ ಎಷ್ಟು ಬೇಗ ಏರುತ್ತಿದೆ ಅಂತ ರಿಲೇ (ದೋಷ ಗುರುತಿಸಿ ಬ್ರೇಕರ್ ತೆರೆಸುವ ಸಾಧನ) ನೋಡುತ್ತದೆ, ನಿಜ. ಅದೊಂದನ್ನೇ ನಂಬಿ ಕೂರುವುದು ನನಗೆ ಸರಿ ಅನಿಸುವುದಿಲ್ಲ. ಡಿಸಿ ಕರೆಂಟ್ ಎಸಿ ಥರ ಪದೇಪದೇ ಸೊನ್ನೆಗೆ ಬರುವುದಿಲ್ಲ. ಹಾಗಾಗಿ ದೂರದ ಬ್ರೇಕರ್ ತೆರೆಯದಿದ್ದರೆ ಶಾರ್ಟ್ ಆದ ಜಾಗದ ಕಿಡಿ ತಾನಾಗಿ ಆರದೆ ಉರಿಯುತ್ತಲೇ ಇರಬಹುದು.

ಅದಕ್ಕೇ ಇಂಟರ್‌ಟ್ರಿಪ್. ಹತ್ತಿರದ ಬ್ರೇಕರ್ ಬಿದ್ದ ಕೂಡಲೇ ಕೇಬಲ್ ಮೂಲಕ ಇನ್ನೊಂದಕ್ಕೆ "ನೀನೂ ತೆರೆ" ಅಂತ ಸಿಗ್ನಲ್ ಹೋಗುತ್ತದೆ. ಮನುಷ್ಯರ ಕೈ ಬೇಕಿಲ್ಲ. ಕಂಟ್ರೋಲ್ ರೂಮಿನಿಂದ ಸ್ಕಾಡಾ (ದೂರದಿಂದಲೇ ಉಪಕರಣ ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಮೂಲಕವೂ ಬ್ರೇಕರ್ ತೆರೆಯಬಹುದು, ಆದರೆ ಯಾರಾದರೂ ನೋಡಿ ಒತ್ತುವಷ್ಟರಲ್ಲಿ ತಡವಾಗುತ್ತದೆ ಅಲ್ವಾ?

ಹಳಿಗೆ ಯಾರಾದರೂ ಬಿದ್ದಾಗ ಬಳಸುವ ಪ್ಲಾಟ್‌ಫಾರ್ಮಿನ ತುರ್ತು ಟ್ರಿಪ್ ಸ್ವಿಚ್‌ಗೂ ಇದೇ ನಿಯಮ: ಆ ಭಾಗಕ್ಕೆ ಸಪ್ಲೈ ಕೊಡುವ ಎಲ್ಲ ಬ್ರೇಕರ್‌ಗಳೂ ತೆರೆಯಲೇಬೇಕು. ಒಂದು ಉಳಿದರೂ ಮೂರನೇ ಹಳಿಯಲ್ಲಿ 750 ವೋಲ್ಟ್ ಹಾಗೇ ಇರುತ್ತದೆ.