ಗ್ರಿಫಿ ಜೂನಿಯರ್ ಕಾಲುಗಳು ಮತ್ತು ಹದಿನಾಲ್ಕರ ಹುಡುಗನ ಓಟ

ಪ್ರಶ್ನೆ: ನಾವು ಅಮೆರಿಕದ ಸಿಯಾಟಲ್ ಸಮೀಪದ ರೆಡ್ಮಂಡ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬದವರು. ಹದಿನಾಲ್ಕು ವರ್ಷದ ಮಗ ಶಾಲಾ ಬೇಸ್‌ಬಾಲ್ ತಂಡದಲ್ಲಿ ಸೆಂಟರ್ ಫೀಲ್ಡರ್, ಅಂದರೆ ಮೈದಾನದ ಹೊರಭಾಗದ ನಡುವೆ ನಿಂತು ಚೆಂಡು ಹಿಡಿಯುವವನು. ಕೆನ್ ಗ್ರಿಫಿ ಜೂನಿಯರ್ ಎಂದರೆ ಅವನಿಗೆ ಪ್ರಾಣ. ಎರಡು ವರ್ಷ ಸತತವಾಗಿ ತಲಾ 56 ಹೋಮ್ ರನ್ (ಚೆಂಡನ್ನು ಮೈದಾನದ ಗಡಿಯಾಚೆ ಅಟ್ಟುವ ಹೊಡೆತ) ಹೊಡೆದ ಆಟಗಾರ ಮೂವತ್ತು ದಾಟುತ್ತಲೇ ಮೇಲಿಂದ ಮೇಲೆ ಗಾಯಗೊಂಡದ್ದೇಕೆ? ಕೃತಕ ಹುಲ್ಲಿನ ಮೈದಾನ ಕಾರಣವೇ, ಅವರು ವ್ಯಾಯಾಮದಲ್ಲಿ ಅಸಡ್ಡೆ ತೋರಿದರೆಂಬ ಮಾತು ನಿಜವೇ? ಮೂರು ವಾರದ ಹಿಂದೆ ಓಡುವಾಗ ನನ್ನ ಮಗನಿಗೂ ತೊಡೆಯ ಹಿಂಭಾಗ ಹಿಡಿದುಕೊಂಡಿತ್ತು. ಈಗ ನೋವಿಲ್ಲ, ಶನಿವಾರ ಆಡಿಯೇ ತೀರುತ್ತೇನೆ ಎನ್ನುತ್ತಿದ್ದಾನೆ. ಬಿಡಬಹುದೇ?

ಉತ್ತರ: ಶನಿವಾರ ಬೇಡ. ಕಾರಣವನ್ನು ಗ್ರಿಫಿ ಅವರ ಕಾಲುಗಳಿಂದಲೇ ವಿವರಿಸುತ್ತೇನೆ, ನಿಮ್ಮ ಮಗನೂ ಅದನ್ನು ಗಮನವಿಟ್ಟು ಕೇಳಬಹುದು.

ಮೊದಲು ಅಂಕಿಗಳನ್ನು ನೋಡೋಣ. ಸಿಯಾಟಲ್ ಮ್ಯಾರಿನರ್ಸ್ ಪರವಾಗಿ 1996ರಿಂದ 1999ರವರೆಗೆ ಅವರು 618 ಪಂದ್ಯಗಳನ್ನಾಡಿ 209 ಹೋಮ್ ರನ್ ಹೊಡೆದರು. 1997ರಲ್ಲಿ 56 ಹೋಮ್ ರನ್, 147 ಆರ್‌ಬಿಐ (ತಮ್ಮ ಹೊಡೆತದಿಂದ ತಂಡಕ್ಕೆ ಬಂದ ರನ್) ಗಳಿಸಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರರಾಗಿ ಸರ್ವಾನುಮತದಿಂದ ಆಯ್ಕೆಯಾದರು. 1990ರಿಂದ 1999ರವರೆಗೆ ಒಂದು ವರ್ಷವೂ ತಪ್ಪದಂತೆ ಫೀಲ್ಡಿಂಗ್‌ನ ಗೋಲ್ಡ್ ಗ್ಲವ್ ಪ್ರಶಸ್ತಿ ಅವರದೇ ಆಗಿತ್ತು. 2000ದ ಫೆಬ್ರುವರಿಯಲ್ಲಿ ಸಿನ್ಸಿನಾಟಿ ರೆಡ್ಸ್ ಸೇರಿ ಆ ವರ್ಷವೂ 40 ಹೋಮ್ ರನ್ ಹೊಡೆದರು. ಆಗ ಅವರಿಗೆ ಮೂವತ್ತು ವರ್ಷ, ಒಟ್ಟು ಹೋಮ್ ರನ್ 438. ಹ್ಯಾಂಕ್ ಆರನ್ ಅವರ 755 ಹೋಮ್ ರನ್‌ಗಳ ದಾಖಲೆಯನ್ನು ಇವರೇ ಮುರಿಯುತ್ತಾರೆಂದು ಬಹಳ ಮಂದಿ ನಂಬಿದ್ದರು. ಮುಂದಿನ ನಾಲ್ಕು ವರ್ಷಗಳಲ್ಲಿ, ಅಂದರೆ 2001ರಿಂದ 2004ರವರೆಗೆ, ರೆಡ್ಸ್ ತಂಡದ 648 ಪಂದ್ಯಗಳ ಪೈಕಿ ಅವರಿಗೆ ಆಡಲಾದದ್ದು 317 ಮಾತ್ರ, ಹೋಮ್ ರನ್ 63.

ಆ ನಾಲ್ಕು ವರ್ಷಗಳಲ್ಲಿ ಆದದ್ದು ಒಂದೇ ಗಾಯವಲ್ಲ. 2001ರಲ್ಲಿ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹರಿಯಿತು, 2002ರಲ್ಲಿ ಮಂಡಿಗೆ ಪೆಟ್ಟಾಯಿತು, ಮತ್ತೆ ಹ್ಯಾಮ್‌ಸ್ಟ್ರಿಂಗ್ ಕಾಡಿತು. 2003ರಲ್ಲಿ ಚೆಂಡಿಗಾಗಿ ನೆಗೆದಾಗ ಭುಜದ ಕೀಲು ತಪ್ಪಿತು, ಅದು ಗುಣವಾಗಿ ಬಂದ ಮೇಲೆ ಪಾದದ ಕೀಲಿನ ಸ್ನಾಯುರಜ್ಜು ತುಂಡಾಯಿತು. 2004ರ ಜೂನ್ 20ರಂದು, ಗ್ಯಾಲರಿಯಲ್ಲಿ ತಂದೆ ಕುಳಿತು ನೋಡುತ್ತಿರುವಾಗ, ಅಪ್ಪಂದಿರ ದಿನದಂದೇ, ತಮ್ಮ 500ನೇ ಹೋಮ್ ರನ್ ಹೊಡೆದ ಅವರು ಕೆಲವೇ ವಾರಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ನೋವಿನಿಂದ ಹೊರಗುಳಿದರು. ಮರಳಿ ಬಂದ ಕೆಲವೇ ದಿನಗಳಲ್ಲಿ ಅದೇ ಸ್ನಾಯು ಮೂಳೆಯಿಂದಲೇ ಕಿತ್ತುಬಂತು. ಶಸ್ತ್ರವೈದ್ಯರು ಅದನ್ನು ಸ್ಕ್ರೂಗಳಿಂದ ಮತ್ತೆ ಮೂಳೆಗೆ ಬಿಗಿದರು.

ಸೆಂಟರ್ ಫೀಲ್ಡರನ ಕೆಲಸವೇ ಈ ಸ್ನಾಯುವಿಗೆ ಕಠಿಣವಾದದ್ದು. ಹತ್ತು ನಿಮಿಷ ನಿಂತಲ್ಲೇ ನಿಂತಿರುತ್ತಾನೆ, ಬ್ಯಾಟಿನ ಸದ್ದು ಕೇಳಿದ ಮರುಕ್ಷಣ ಪೂರ್ಣ ವೇಗದಲ್ಲಿ ಓಡಬೇಕು. ಓಡುವಾಗ ಮುಂದಕ್ಕೆ ಚಾಚಿದ ಕಾಲು ನೆಲ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಹ್ಯಾಮ್‌ಸ್ಟ್ರಿಂಗ್ ಹಿಗ್ಗುತ್ತಿರುವಾಗಲೇ ಬಿಗಿದು ಕಾಲಿಗೆ ಬ್ರೇಕ್ ಹಾಕುತ್ತದೆ. ಸ್ನಾಯು ಹರಿಯುವುದು ಹೆಚ್ಚಾಗಿ ಆ ಗಳಿಗೆಯಲ್ಲೇ. ಒಮ್ಮೆ ಹರಿದ ಜಾಗದಲ್ಲಿ ಗಾಯದ ಕಲೆಯಂಥ ಗಡುಸು ಎಳೆಗಳು ಬೆಳೆಯುತ್ತವೆ, ಅವು ಮೊದಲಿನ ಸ್ನಾಯುವಿನಷ್ಟು ಹಿಗ್ಗುವುದಿಲ್ಲ. ಹೀಗಾಗಿ ಹ್ಯಾಮ್‌ಸ್ಟ್ರಿಂಗ್ ಗಾಯಕ್ಕೆ ನಾವು ಪರಿಗಣಿಸುವ ಅಪಾಯಗಳಲ್ಲಿ ಅತಿ ದೊಡ್ಡದು ಹಿಂದೊಮ್ಮೆ ಅದೇ ಗಾಯ ಆಗಿರುವುದು. ವಯಸ್ಸು ಅದರ ಜತೆಗೆ ಸೇರಿಕೊಳ್ಳುತ್ತದೆ.

ಕಿಂಗ್‌ಡೋಮ್ ಕ್ರೀಡಾಂಗಣದ, ಅಂದರೆ ಮ್ಯಾರಿನರ್ಸ್ ತಂಡದ ಆಗಿನ ತವರು ಮೈದಾನದ, ವಿಷಯಕ್ಕೆ ಬರುವುದಾದರೆ, ಕಾಂಕ್ರೀಟಿನ ಮೇಲೆ ಹಾಸಿದ ಆ ಕೃತಕ ಹುಲ್ಲಿನ ಮೇಲೆ ಹತ್ತು ವರ್ಷ ಓಡಿದ್ದು ಮಂಡಿ, ಪಾದಗಳಿಗೆ ಒಳ್ಳೆಯದು ಮಾಡಿರಲಾರದು. ಆದರೂ ಹೊಣೆಯನ್ನೆಲ್ಲ ನೆಲದ ಮೇಲೆ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅಸಡ್ಡೆಯ ಮಾತನ್ನಂತೂ ನಾನು ಖಂಡಿತ ಒಪ್ಪಲಾರೆ. 1995ರ ಮೇ 26ರಂದು ಅದೇ ಕ್ರೀಡಾಂಗಣದಲ್ಲಿ ಎದುರಾಳಿ ತಂಡದ ಕೆವಿನ್ ಬಾಸ್ ಹೊಡೆದ ಚೆಂಡನ್ನು ಬೆನ್ನಟ್ಟಿ ಗ್ರಿಫಿ ಗೋಡೆಗೇ ಅಪ್ಪಳಿಸಿದರು; ಎಡ ಮಣಿಕಟ್ಟು ಮುರಿಯಿತು, ಚೆಂಡು ಮಾತ್ರ ಗ್ಲವ್‌ನಲ್ಲೇ ಇತ್ತು. ಲೋಹದ ಪಟ್ಟಿ, ಸ್ಕ್ರೂಗಳನ್ನು ಹಾಕಿಸಿಕೊಂಡು ಆಗಸ್ಟ್‌ನಲ್ಲಿ ಹಿಂತಿರುಗಿದ ಅವರು ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ವಿರುದ್ಧದ ಐದು ಪಂದ್ಯಗಳ ಸರಣಿಯಲ್ಲಿ ಐದು ಹೋಮ್ ರನ್ ಹೊಡೆದರು, ಕೊನೆಯ ಪಂದ್ಯದ 11ನೇ ಇನಿಂಗ್ಸ್‌ನಲ್ಲಿ ಸಹ ಆಟಗಾರ ಎಡ್ಗರ್ ಮಾರ್ಟಿನೆಜ್ ಹೊಡೆತಕ್ಕೆ ಮೊದಲ ಬೇಸ್‌ನಿಂದ ಹೋಮ್ ಪ್ಲೇಟ್‌ವರೆಗೆ ಓಡಿ ಗೆಲುವಿನ ರನ್ ಗಳಿಸಿದರು. ಮೈ ಉಳಿಸಿಕೊಂಡು ಆಡುವ ಜಾಯಮಾನ ಅವರದಲ್ಲ. ಬ್ಯಾಟಿಂಗ್ ಶಕ್ತಿ ಬತ್ತಿಹೋಗಿತ್ತು ಎಂಬುದಕ್ಕೂ ಆಧಾರವಿಲ್ಲ: ಶಸ್ತ್ರಚಿಕಿತ್ಸೆಯ ಮರುವರ್ಷ, 2005ರಲ್ಲಿ, ಅವರು 128 ಪಂದ್ಯಗಳಲ್ಲಿ 35 ಹೋಮ್ ರನ್ ಹೊಡೆದರು, ಬ್ಯಾಟಿಂಗ್ ಸರಾಸರಿ .301, ಅಂದರೆ ಹತ್ತು ಯತ್ನಗಳಲ್ಲಿ ಸುಮಾರು ಮೂರು ಯಶಸ್ವಿ ಹೊಡೆತ. ಚೆಂಡನ್ನು ದೂರ ಅಟ್ಟುವ ಬಲ ತೋಳಿಗಿಂತ ಮೊದಲು ನೆಲಕ್ಕೆ ಊರಿದ ಕಾಲು, ಸೊಂಟದಿಂದ ಬರುತ್ತದೆ. ಕಾಲು ದುರಸ್ತಿಯಾದೊಡನೆ ಹೋಮ್ ರನ್‌ಗಳೂ ಮರಳಿದವು. ಮುಂದೆ 2007ರಲ್ಲಿ ರೆಡ್ಸ್ ಅವರನ್ನು ಓಟ ಕಡಿಮೆ ಇರುವ ರೈಟ್ ಫೀಲ್ಡ್‌ಗೆ ಕಳಿಸಿತು, ಆ ವರ್ಷ ಅವರು 144 ಪಂದ್ಯಗಳನ್ನಾಡಿದರು. 2010ರ ಜೂನ್‌ನಲ್ಲಿ ನಿವೃತ್ತರಾಗುವಾಗ ಒಟ್ಟು 630 ಹೋಮ್ ರನ್ ಅವರ ಹೆಸರಿನಲ್ಲಿದ್ದವು.

ಈಗ ನಿಮ್ಮ ಮಗನ ವಿಚಾರ. ನಡೆಯುವಾಗ ನೋವಿಲ್ಲದಿರುವುದು ಸ್ನಾಯು ಗುಣವಾದುದಕ್ಕೆ ಸಾಕ್ಷಿಯಲ್ಲ. ಅದರ ಮೇಲೆ, ಹದಿನಾಲ್ಕರ ವಯಸ್ಸಿನಲ್ಲಿ ಸ್ನಾಯುರಜ್ಜುವಿಗಿಂತ ಅದು ಅಂಟಿಕೊಂಡಿರುವ ಬೆಳೆಯುವ ಮೂಳೆಯ ತುದಿಯೇ ಹೆಚ್ಚು ನಾಜೂಕು. ಜೋರಾಗಿ ಓಡಿದಾಗ ಕುಳಿತರೆ ನೆಲಕ್ಕೆ ಊರುವ ಮೂಳೆಯ ಚೂರೊಂದು ಕಿತ್ತುಬರುವುದುಂಟು. ಗಾಯವಾದಾಗ 'ಟಪ್' ಎಂದ ಅನುಭವವಾಗಿದ್ದರೆ, ಗಟ್ಟಿ ಬೆಂಚಿನ ಮೇಲೆ ಕುಳಿತಾಗ ಈಗಲೂ ನೋಯುತ್ತಿದ್ದರೆ, ಮೂಳೆ ವೈದ್ಯರಲ್ಲಿ ಎಕ್ಸ್‌ರೇ ಮಾಡಿಸದೆ ಮುಂದಿನ ಹೆಜ್ಜೆ ಇಡಬೇಡಿ. ಅಂಥದ್ದೇನೂ ಇಲ್ಲದಿದ್ದರೆ ಫಿಸಿಯೊಥೆರಪಿಸ್ಟ್ ಒಬ್ಬರು ಎರಡೂ ಕಾಲುಗಳ ಬಲವನ್ನು ಹೋಲಿಸಿ ನೋಡಲಿ. ಮೊದಲು ಅರ್ಧ ವೇಗ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ಣ ವೇಗದಲ್ಲಿ, ಬೇರೆ ಬೇರೆ ದಿನಗಳಲ್ಲಿ ಓಡಿಸಲಿ. ಪ್ರತಿ ಓಟದ ಮರುದಿನ ಬೆಳಿಗ್ಗೆ ಸ್ನಾಯು ಬಿಗಿದಿಲ್ಲವೆಂದು ಖಚಿತವಾದ ಮೇಲಷ್ಟೇ ವೇಗ ಏರಿಸಬೇಕು. ಮಂಡಿಯೂರಿ, ಹಿಂದಿನಿಂದ ಒಬ್ಬರು ಪಾದಗಳನ್ನು ಹಿಡಿದಿರುವಾಗ ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ವ್ಯಾಯಾಮ ಈ ಸ್ನಾಯುವಿಗೆ ಬಹಳ ಉಪಯುಕ್ತ, ಅದನ್ನು ಅವರಿಂದಲೇ ಕಲಿಯಲಿ. ನಿಂತಲ್ಲಿಂದ ಪೂರ್ಣ ವೇಗಕ್ಕೆ ಹತ್ತು ಬಾರಿ ಓಡಿ, ಮರುದಿನವೂ ಅವನ ತೊಡೆ ಹಗುರವಾಗಿದ್ದರೆ, ಅದರ ಮುಂದಿನ ಶನಿವಾರ ಅವನನ್ನು ನಿಶ್ಚಿಂತೆಯಿಂದ ಮೈದಾನಕ್ಕೆ ಕಳಿಸಿ.